ಸಮುದ್ರದ ಪಕ್ಕ ಮೂರು ದಿನದ ಮದುವೆ: ಗೋಕರ್ಣನಾ, ಗೋವಾನಾ?

ರಾಜಾಜಿನಗರದ ಅಕ್ಕ
ತಂಗಿಯ ಮದುವೆ ಫೆಬ್ರವರಿಯಲ್ಲಿ ಮಾಡೋಣ ಅಂತಿದ್ದೇವೆ. ಅವಳಿಗೆ ಸಮುದ್ರ ಅಂದರೆ ಪ್ರಾಣ, ಛತ್ರ ಬೇಡವೇ ಬೇಡ ಅಂತಾಳೆ. ಮೊದಲ ದಿನ ಮೆಹಂದಿ, ಮಾರನೇ ದಿನ ಅರಿಶಿನ, ಸಂಜೆ ವರಪೂಜೆ, ಸಂಗೀತ, ಮೂರನೇ ದಿನ ಬೆಳಗ್ಗೆ ಧಾರೆ. ಆರತಕ್ಷತೆ ಆಮೇಲೆ ಬೆಂಗಳೂರಲ್ಲೇ. ಸುಮಾರು 150 ಜನ, ವಯಸ್ಸಾದವರು ಜಾಸ್ತಿ, ಅಜ್ಜಿಗೆ ಮಂಡಿ ನೋವು ಬೇರೆ. ಗೋಕರ್ಣ ಒಳ್ಳೆಯದಾ ಗೋವಾ ಒಳ್ಳೆಯದಾ? ಧಾರೆಯನ್ನು ಮರಳಿನ ಮೇಲೇ ಮಾಡಬಹುದಾ?

ಕುಮಟಾ ಕಡೆಯವನು, ಈಗ ವಿಜಯನಗರ
ಮಾಡಬಹುದು, ಆದರೆ ಗಾಳಿಯ ಲೆಕ್ಕ ನೋಡಿಕೊಳ್ಳಿ. ನಮ್ಮ ಕಡೆ ಬೆಳಗ್ಗೆ ಕಡಲು ಶಾಂತವಾಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಸಮುದ್ರದಿಂದ ಗಾಳಿ ಬೀಸಲು ಶುರುವಾಗಿ ಮಧ್ಯಾಹ್ನ ಜೋರಾಗುತ್ತದೆ, ಕತ್ತಲಾದ ಮೇಲೆ ಇಳಿಯುತ್ತದೆ. ಹಾಗಾಗಿ ಎಂಟು ಒಂಬತ್ತರ ಮುಹೂರ್ತ ಸಿಕ್ಕರೆ ಹೋಮಕ್ಕೆ ತೊಂದರೆ ಕಡಿಮೆ. ಸಂಗೀತವನ್ನು ನಾಲ್ಕು ಗಂಟೆಗೆ ತೀರದಲ್ಲಿ ಇಟ್ಟರೆ ಮಾತ್ರ ಹೂವಿನ ಅಲಂಕಾರ ಎಲ್ಲ ಹಾರಿಹೋಗುತ್ತದೆ, ಅದನ್ನು ಕತ್ತಲಾದ ಮೇಲೇ ಇಡಿ.

ಇನ್ನೊಂದು ಖುಷಿಯ ವಿಷಯ. ಹೋಮಕ್ಕೆ ಗಂಡುಹೆಣ್ಣು ಪೂರ್ವಕ್ಕೆ ಮುಖ ಮಾಡಿ ಕೂರುತ್ತಾರೆ ಅಲ್ವಾ, ನಮ್ಮ ಕರಾವಳಿಯಲ್ಲಿ ಕಡಲು ಪಶ್ಚಿಮಕ್ಕೆ. ಅಂದರೆ ಸಮುದ್ರ ತಾನಾಗೇ ಅವರ ಬೆನ್ನ ಹಿಂದೆ ಬರುತ್ತದೆ, ಬೆಳಗಿನ ಬೆಳಕು ಮುಖದ ಮೇಲೆ ಬೀಳುತ್ತದೆ. ಫೋಟೋಗೆ ಇದಕ್ಕಿಂತ ಇನ್ನೇನು ಬೇಕು.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದಿನ ಆದರೆ ನೀರು ತುಂಬಾ ಮೇಲೆ ಬರುತ್ತದೆ. ಮಂಟಪದ ಜಾಗ ಗುರುತು ಮಾಡುವ ಮೊದಲು ಊರಿನ ಮೀನುಗಾರರನ್ನು ಒಂದು ಮಾತು ಕೇಳಿ.

ಜೆಪಿ ನಗರದ ಅತ್ತೆ
ಗೋವಾ ದುಬಾರಿ ಅಂತ ಎಲ್ಲರೂ ಹೆದರಿಸುತ್ತಾರೆ. ಅಲ್ಲಿ ರೇಟು ತೀರಾ ಏರುವುದು ಕ್ರಿಸ್‌ಮಸ್, ಹೊಸ ವರ್ಷದ ಹೊತ್ತಿಗೆ. ನಮಗೆ ಆಗ ಧನುರ್ಮಾಸ, ಸಂಕ್ರಾಂತಿವರೆಗೆ ಮುಹೂರ್ತವೇ ಇರಲ್ಲ. ಫೆಬ್ರವರಿಯಲ್ಲಿ ಚೌಕಾಶಿ ಮಾಡಬಹುದು. ನಿಮ್ಮ ಮನೆಯ ಹಿರಿಯರಿಗೆ ಒಂದು ಗಂಟೆ ಚಿಲ್ಲರೆಯ ವಿಮಾನ ಪ್ರಯಾಣ ಎಷ್ಟೋ ವಾಸಿ, ದಾಬೋಲಿಂ ಅಲ್ಲದೆ 2023ರಿಂದ ಮೋಪಾ ವಿಮಾನ ನಿಲ್ದಾಣವೂ ಇದೆ. ಒಂದೇ ಎಚ್ಚರಿಕೆ, ಮೋರ್ಜಿಮ್, ಅಗೋಂದ, ಗಾಲ್ಜಿಬಾಗ್ ಆಮೆಗಳು ಮೊಟ್ಟೆ ಇಡುವ ತೀರಗಳು, ಫೆಬ್ರವರಿ ಅವುಗಳ ಕಾಲವೇ. ಅಲ್ಲಿ ರಾತ್ರಿ ಲೈಟು, ಸೌಂಡು ಬೇಡ. ಆ ಜೀವಗಳಿಗೆ ತೊಂದರೆ ಕೊಟ್ಟು ಶುಭಕಾರ್ಯ ಮಾಡುವುದು ನನಗಂತೂ ಇಷ್ಟವಿಲ್ಲ.

ಕುಮಟಾ ಕಡೆಯವನು, ಈಗ ವಿಜಯನಗರ
ರೈಲೂ ಇದೆ ಅತ್ತೆ. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಗ್ಗೆ ಗೋಕರ್ಣ ರೋಡ್. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಒಂದು ಟಿಕೆಟ್ಟಿಗೆ 6 ಜನ ಮಾತ್ರ. ನಾಲ್ಕೈದು ಜನ ಹಂಚಿಕೊಂಡು ಅವತ್ತೇ ಬೆಳಗ್ಗೆ ಕೂತು ಮಾಡಿ. ಹಿರಿಯರಿಗೆ ಕೆಳಗಿನ ಬರ್ತ್ ಸಿಗಬೇಕು, ಅದು ಮುಖ್ಯ.

ಮದುವೆ ಕೆಲಸದವಳು, ಬಸವನಗುಡಿ
ಅಡ್ವಾನ್ಸ್ ಕೊಡುವ ಮೊದಲು ಇಷ್ಟು ಕೇಳಿ. ಕಡಲತೀರ ರೆಸಾರ್ಟಿನವರ ಸ್ವಂತ ಜಾಗ ಅಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ, ಪೆಂಡಾಲ್ ಹಾಕಲು ಅನುಮತಿ ಬೇಕು. 'ನಾವು ನೋಡಿಕೊಳ್ಳುತ್ತೇವೆ' ಅನ್ನುವ ಬಾಯಿಮಾತು ಸಾಲದು, ಕಾಗದ ತೋರಿಸಲಿ. ರಾತ್ರಿ 10ರ ಮೇಲೆ ಹೊರಗೆ ಧ್ವನಿವರ್ಧಕ ಇಲ್ಲ, ಆದ್ದರಿಂದ ಸಂಗೀತ 7ಕ್ಕೇ ಶುರುವಾಗಲಿ.

ಅಡುಗೆಯವರನ್ನು ಇಲ್ಲಿಂದ ಕರೆದುಕೊಂಡು ಹೋಗುವ ಬದಲು ಅಲ್ಲಿಯವರಿಗೇ ಕೊಡಿ, ಪುರೋಹಿತರು ಮಾತ್ರ ನಿಮ್ಮ ಮನೆಯವರೇ ಇರಲಿ. ಹೂವಿಗೆ ಉಡುಪಿ ಮಲ್ಲಿಗೆ ಹೇಳಿ. ಅದನ್ನು ಅಟ್ಟೆ (ಕಟ್ಟಿದ ಹೂವಿನ ಅಳತೆ) ಲೆಕ್ಕದಲ್ಲಿ ಮಾರುತ್ತಾರೆ, ಮದುವೆ ಸೀಸನ್ನಿನಲ್ಲಿ ರೇಟು ದಿನಕ್ಕೊಂದು, ಮೊದಲೇ ಹೇಳಿಟ್ಟರೆ ಒಳ್ಳೆಯದು.

ಅಜ್ಜಿಯ ವಿಷಯ. ವೀಲ್‌ಚೇರ್ ಚಕ್ರ ಮರಳಲ್ಲಿ ಹೂತುಹೋಗುತ್ತದೆ. ನನ್ನನ್ನು ಕೇಳಿದರೆ ಧಾರೆ ಕಡಲು ಕಾಣುವ ಹುಲ್ಲುಹಾಸಿನ ಮೇಲೆ ಆಗಲಿ, ಮರಳಿನ ಮೇಲೆ ಬೇಡ. ವಧುವಿಗೆ ಬೇಕಾದ ಸಮುದ್ರ ಅಲ್ಲೂ ಸಿಗುತ್ತದೆ, ಅಜ್ಜಿ ಮುಂದಿನ ಸಾಲಲ್ಲಿ ಕೂತು ಅಕ್ಷತೆ ಹಾಕಬಹುದು.

ರಾಜಾಜಿನಗರದ ಅಕ್ಕ
ಹುಲ್ಲುಹಾಸಿನ ಮಾತು ತಂಗಿಗೂ ಒಪ್ಪಿಗೆ ಆಯ್ತು! ಗೋಕರ್ಣದ ಕಡೆ ಮನಸ್ಸು ವಾಲಿದೆ. ಈ ವಾರ ಪಂಚಾಂಗ ನೋಡಿಸಿ ಬೆಳಗಿನ ಮುಹೂರ್ತ ಕೇಳುತ್ತೇವೆ. ಅಲ್ಲಿ 60 ರೂಮು ಒಟ್ಟಿಗೇ ಸಿಗುತ್ತಾ, ಇಲ್ಲ ಎರಡು ಕಡೆ ಹಂಚಬೇಕಾ?