ಲಡಾಖ್‌ನಲ್ಲಿ ಎರಡೂವರೆ ವರ್ಷ: ಹೃದಯದ ಬಲಗಡೆ ಯಾಕೆ ದಪ್ಪ ಆಗುತ್ತೆ?

ಪ್ರಶ್ನೆ (ಹಾಸನದಿಂದ):
ನಮಸ್ತೆ ಡಾಕ್ಟ್ರೇ. ನಮ್ಮ ಯಜಮಾನರು ಸೇನೆಯಲ್ಲಿದ್ದಾರೆ, ವಯಸ್ಸು 34. ಎರಡೂವರೆ ವರ್ಷದಿಂದ ಲಡಾಖ್. ಅದರಲ್ಲಿ ಕೆಲವು ತಿಂಗಳು 5,000 ಮೀಟರ್ ಹತ್ತಿರದ ಪೋಸ್ಟ್. ರಜೆಗೆ ಬಂದಾಗ ಸುಮ್ನೆ ಇರಲಿ ಅಂತ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆವು. ‘ಹೃದಯದ ಬಲಗಡೆ ಗೋಡೆ ಸ್ವಲ್ಪ ದಪ್ಪ’ ಎಂದು ಬರೆದಿದ್ದಾರೆ. ಹಿಮೋಗ್ಲೋಬಿನ್ 18. ಬಿಪಿ, ಶುಗರ್ ಇಲ್ಲ. ಅವರು ‘ಬೆಟ್ಟ ಹತ್ತಿ ಹಾರ್ಟ್ ಗಟ್ಟಿ ಆಗಿದೆ ಬಿಡು’ ಅಂತ ನಗುತ್ತಾರೆ. ನನಗೆ ನಿದ್ದೆ ಇಲ್ಲ.

ಉತ್ತರ:
ಮೇಡಂ, ಅವರು ಹೇಳಿದ್ದು ಅರ್ಧ ನಿಜ. ಗಟ್ಟಿ ಆಗಿರುವುದು ಭಾರ ಹೊತ್ತು ಹೊತ್ತು.

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ನಮ್ಮ ಕರಾವಳಿಯ ಮೂರರಲ್ಲಿ ಎರಡು ಪಾಲು ಅಷ್ಟೇ. ಮೊದಲ ದಿನಗಳಲ್ಲಿ ಎದೆಬಡಿತ ಜೋರಾಗುತ್ತದೆ. ಕೆಲವು ವಾರ ಕಳೆದರೆ, ಸುಮ್ಮನೆ ಕೂತಾಗ ಹೃದಯ ನಿಮಿಷಕ್ಕೆ ಪಂಪ್ ಮಾಡುವ ರಕ್ತ ಹೆಚ್ಚುಕಮ್ಮಿ ಊರಿನಲ್ಲಿದ್ದಷ್ಟಕ್ಕೇ ಬಂದು ನಿಲ್ಲುತ್ತದೆ. ಎಡಗಡೆಗೆ ಅಂಥ ತೊಂದರೆ ಇಲ್ಲ. ಪೆಟ್ಟು ಬೀಳುವುದು ಬಲಗಡೆಗೆ.

ಯಾಕೆಂದರೆ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುವುದು ಬಲಗಡೆ, ಮತ್ತು ಶ್ವಾಸಕೋಶದ ರಕ್ತನಾಳಗಳಿಗೆ ಒಂದು ಅಭ್ಯಾಸ ಇದೆ. ಎಲ್ಲಿ ಆಮ್ಲಜನಕ ಕಡಿಮೆಯೋ ಅಲ್ಲಿ ಬಿಗಿದುಕೊಳ್ಳುತ್ತವೆ. ನಿಮೋನಿಯಾ ಆಗಿ ಒಂದು ಮೂಲೆ ಕಟ್ಟಿಕೊಂಡಾಗ ಇದು ಜಾಣತನ, ರಕ್ತ ಗಾಳಿ ಇರುವ ಕಡೆ ತಿರುಗುತ್ತದೆ. ಆದರೆ ಲಡಾಖ್‌ನಲ್ಲಿ ಯಾವ ಮೂಲೆಗೂ ಸಾಕಷ್ಟು ಸಿಗಲ್ಲ. ಎಲ್ಲ ನಾಳಗಳೂ ಒಟ್ಟಿಗೆ ಬಿಗಿಯುತ್ತವೆ. ಚಕ್ಕುಲಿ ಒರಳಿಗೆ ಸಣ್ಣ ತೂತಿನ ಬಿಲ್ಲೆ ಹಾಕಿ ಒತ್ತಿದರೆ ತೋಳು ನೋಯುತ್ತಲ್ವಾ? ಹಾಗೆ. ಜೊತೆಗೆ ಕೆಂಪು ರಕ್ತಕಣ ಜಾಸ್ತಿಯಾಗಿ ಹಿಟ್ಟೂ, ಅಂದರೆ ರಕ್ತವೂ, ಗಟ್ಟಿ. ಬಲಗಡೆ ಗೋಡೆ ಮಾಮೂಲಾಗಿ 5 ಮಿಲಿಮೀಟರ್ ಕೂಡ ಇರುವುದಿಲ್ಲ. ದಿನವೂ ಒತ್ತಿ ಒತ್ತಿ ದಪ್ಪ ಆಗುತ್ತದೆ.

ಕೆಳಗೆ ಬಂದರೆ ಇದು ನಿಧಾನಕ್ಕೆ ಇಳಿಯುತ್ತದೆ. 5,800 ಮೀಟರಿಗಿಂತ ಮೇಲೆ ತಿಂಗಳುಗಟ್ಟಲೆ ಇದ್ದ ನಮ್ಮ 21 ಸೈನಿಕರ ಬಗ್ಗೆ 1990ರಲ್ಲಿ ವೈದ್ಯರು ಬರೆದಿದ್ದರು. ಬಲಗಡೆ ಸೋತು ಮೈಯೆಲ್ಲ ಬಾತುಕೊಂಡಿತ್ತು. ಕೆಳಗೆ ತಂದ ಮೇಲೆ ಚೇತರಿಸಿಕೊಂಡರು. (ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಮೇಯುವ ದನಗಳಿಗೂ ಇದೇ ಕಾಯಿಲೆ. ಅವುಗಳ ಎದೆಯ ಕೆಳಗೆ ನೀರು ತುಂಬುತ್ತದೆ.) ನಿಮ್ಮವರದು ಆ ಮಟ್ಟದ್ದಲ್ಲ.

ಹಿಮೋಗ್ಲೋಬಿನ್ 18 ಆ ಎತ್ತರಕ್ಕೆ ಹೆದರುವ ಸಂಖ್ಯೆ ಅಲ್ಲ. ಗಂಡಸರಲ್ಲಿ 21 ದಾಟಿ, ತಲೆನೋವು, ನಿದ್ದೆಗೇಡು, ತುಟಿ ನೀಲಿ ಅಂತ ಶುರುವಾದರೆ ಅದು ಮೊಂಗೆ ಕಾಯಿಲೆ. ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ 1920ರ ದಶಕದಲ್ಲೇ ಗುರುತಿಸಿದ್ದು.

ಕಾಲು ಊತ, ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಯಾವುದಾದರೂ ಇದೆಯಾ ಕೇಳಿ. ಇಲ್ಲ ಅಂದರೂ ರಿಪೋರ್ಟನ್ನು ಯೂನಿಟ್ ಡಾಕ್ಟರಿಗೆ ತೋರಿಸಲೇಬೇಕು. ಮೆಡಿಕಲ್ ಕ್ಯಾಟಗರಿ (ಸೇನೆಯ ಆರೋಗ್ಯ ದರ್ಜೆ) ಇಳಿಸುತ್ತಾರೆ ಅಂತ ತುಂಬ ಜನ ಮುಚ್ಚಿಡುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಇನ್ನೊಬ್ಬರು:
ಸರ್, ಲಡಾಖ್ ಜನ ಅಲ್ಲೇ ಹುಟ್ಟಿ ಬೆಳೆದು ಆರಾಮಾಗಿ ಇರುತ್ತಾರಲ್ಲ?

ಉತ್ತರ:
ಟಿಬೆಟನ್ ಮೂಲದವರ ಮೈಗೆ ಅದು ತಲೆತಲಾಂತರದಿಂದ ಒಗ್ಗಿದೆ. ಅವರ ಶ್ವಾಸಕೋಶದ ನಾಳಗಳು ಅಷ್ಟು ಬಿಗಿಯುವುದಿಲ್ಲ, ರಕ್ತವೂ ಅಷ್ಟು ಗಟ್ಟಿಯಾಗುವುದಿಲ್ಲ. ಇದರ ಹಿಂದಿರುವ ಇಪಿಎಎಸ್1 ಎಂಬ ಜೀನ್‌ನ ರೂಪ ಡೆನಿಸೋವನ್ ಎಂಬ ಅಳಿದುಹೋದ ಮಾನವರಿಂದ ಬಂದದ್ದು ಎಂದು 2014ರಲ್ಲಿ ಗೊತ್ತಾಯಿತು. ನಮ್ಮ ಬೈಲಕುಪ್ಪೆಯಲ್ಲಿ ಹುಟ್ಟಿ, ಮುಸುಕಿನ ಜೋಳದ ಹೊಲ ನೋಡಿಕೊಂಡು ಬೆಳೆದ ಟಿಬೆಟನ್ ಮಕ್ಕಳಲ್ಲೂ ಅದು ಇರುತ್ತದೆ. ಬಳಸುವ ಪ್ರಸಂಗ ಬರುವುದಿಲ್ಲ ಅಷ್ಟೇ. ನಾವು ಎರಡೂವರೆ ವರ್ಷ ಇದ್ದರೂ ಅದು ಬರಲ್ಲ.

ಹಾಸನದವರು:
ತುಂಬ ಥ್ಯಾಂಕ್ಸ್ ಸರ್. ಆಕ್ಸಿಮೀಟರ್ ಇಲ್ಲಿ 98 ತೋರಿಸುತ್ತೆ, ಲೇಹ್‌ನಲ್ಲಿ 89 ಇರ್ತಿತ್ತಂತೆ. ಮುಂದಿನ ವಾರ ವಾಪಸ್ ಹೊರಡ್ತಾರೆ.

ಉತ್ತರ:
ಲೇಹ್‌ನಲ್ಲಿ 89 ಮಾಮೂಲು. ಚಿಂತೆ ಇರುವುದು ವಾಪಸ್ ಹೋಗುವುದರಲ್ಲಿ. ಒಂದು ತಿಂಗಳು ಊರಲ್ಲಿದ್ದರೆ ಮೈ ಎತ್ತರ ಮರೆತಿರುತ್ತದೆ. ಹಳಬರಿಗೂ ಮರಳಿ ಹೋದಾಗ ಶ್ವಾಸಕೋಶದಲ್ಲಿ ನೀರು ತುಂಬುವುದುಂಟು. ವಿಮಾನ ಇಳಿದ ಮೇಲೆ, ಮೈ ಎತ್ತರಕ್ಕೆ ಒಗ್ಗಲಿ ಅಂತ ಸೇನೆ ಇಟ್ಟಿರುವ 6 ದಿನಗಳನ್ನು ತಪ್ಪಿಸಲೇಬಾರದು. ಹೊರಡುವ ಮೊದಲೇ ಯೂನಿಟ್ ಡಾಕ್ಟರಿಗೆ ಫೋನ್ ಮಾಡಲಿ. ಎಕೋ ಫೈಲ್ ಕೈಯಲ್ಲೇ ಕೊಟ್ಟು ಕಳಿಸಿ, ಮೊಬೈಲ್ ಫೋಟೋ ಸಾಲದು.