ಪದಚರ್ಚೆ: ‘ಟಿಯಾರಾ’ಗೆ ಕನ್ನಡದಲ್ಲಿ ಏನನ್ನಬೇಕು? ನಾಳೆ ಬೆಳಗ್ಗೆಗೆ ಬೇಕು

ಎಲ್ಲರಿಗೂ ನಮಸ್ಕಾರ. ಯುರೋಪಿನ ರಾಜಮನೆತನದ ಒಂದು ಹಳೇ ಟಿಯಾರಾ ಬಗ್ಗೆ ಲೇಖನ ಅನುವಾದ ಮಾಡುತ್ತಿದ್ದೇನೆ. ಅದನ್ನು ಮಾಡಿದ್ದು ಯಾರು, ಯಾವ ಶೈಲಿಯದು ಅಂತ ಪತ್ತೆ ಹಚ್ಚುವುದೇ ಲೇಖನದ ವಿಷಯ. ಚಿತ್ರದ ಕೆಳಗಿನ ಸಾಲು ನಾಳೆ ಅಚ್ಚಿಗೆ ಹೋಗಬೇಕು. ಸದ್ಯಕ್ಕೆ ಹೀಗಿದೆ:

“ರಷ್ಯನ್ ಕಿರೀಟ. ತಯಾರಕರು: ಫ್ರಾನ್ಸ್. ಕೊಂಡಿಯ ಮೇಲೆ ಗರುಡ ಲಾಂಛನ, ಪಕ್ಕದ ವಜ್ರದೊಳಗೆ ಸವೆದ ಎರಡು ಅಕ್ಷರ.”

ಕಿರೀಟ ಅಂದರೆ ತಲೆಯ ಸುತ್ತ ಪೂರ್ತಿ ಬರುತ್ತದೆ. ಇದು ಮುಂದಲೆಯ ಮೇಲೆ ಅರ್ಧಚಂದ್ರದ ಹಾಗೆ ನಿಲ್ಲುತ್ತದೆ, ಹಿಂದೆ ಖಾಲಿ. ‘ತಯಾರಕರು’ ಅಂದರೆ ಸೋಪಿನ ಫ್ಯಾಕ್ಟರಿ ನೆನಪಾಗುತ್ತದೆ. ಏನು ಮಾಡಲಿ?

* * *

ಪದ ಇದೆ, ನಾವು ಮರೆತಿದ್ದೇವೆ. ಪಟ್ಟ. ‘ಪಟ್ಟ ಕಟ್ಟಿದರು’ ಅನ್ನುತ್ತೇವಲ್ಲ, ಕಟ್ಟಿದ್ದು ಏನನ್ನು? ಸಿಂಹಾಸನವನ್ನಂತೂ ಅಲ್ಲ. ಹಣೆಗೆ ಕಟ್ಟುವ ಚಿನ್ನದ ಪಟ್ಟಿಯನ್ನು. ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಅಳತೆಯನ್ನೇ ಕೊಟ್ಟಿದ್ದಾನೆ. ನಡುವೆ ರಾಜನದು 8 ಅಂಗುಲ ಅಗಲ, ರಾಣಿಯದು 7, ಯುವರಾಜನದು 6. ರಾಜನ ಪಟ್ಟಕ್ಕೆ 5 ಶಿಖೆ (ಮೇಲೆ ಚಾಚಿದ ತುದಿ), ರಾಣಿಯದಕ್ಕೆ 3, ಸೇನಾಪತಿಗೆ ಒಂದೇ. ಗ್ರೀಕರು ತಲೆಗೆ ಕಟ್ಟುತ್ತಿದ್ದ ಪಟ್ಟಿ ‘ಡಯಡೆಮ್’ ಕೂಡ ‘ಸುತ್ತ ಕಟ್ಟು’ ಅನ್ನುವ ಕ್ರಿಯಾಪದದಿಂದ ಬಂದದ್ದೇ. ‘ಟಿಯಾರಾ’ ಅಂದರೆ ಗ್ರೀಕರ ಬಾಯಲ್ಲಿ ಪರ್ಷಿಯನ್ನರ ಟೋಪಿ. ನಿಮಗೆ ಅದು ಯಾಕೆ?

* * *

> ಪದ ಇದೆ, ನಾವು ಮರೆತಿದ್ದೇವೆ. ಪಟ್ಟ.

ಅದು ಸಂಸ್ಕೃತ. ಹಣೆ + ತೊಡವು = ಹಣೆದೊಡವು. ‘ಶೈಲಿ’ಯೂ ಬೇಡ, ‘ಬಗೆ’ ಸಾಕು.

* * *

ಬಾಸಿಂಗ ಆಗಲ್ವಾ?

* * *

ಆಗಲ್ಲ.

* * *

ಮೇಡಂ, ಪದದ ಜಗಳ ಇವರಿಗೆ ಬಿಡಿ. ನಿಮ್ಮ ಸಾಲಿನಲ್ಲಿ ನಾಲ್ಕು ತಪ್ಪಿವೆ, ಮೊದಲು ಅದನ್ನು ನೋಡಿ.

ಅದು ಗರುಡ ಅಲ್ಲ, ಲಾಂಛನವೂ ಅಲ್ಲ. ಹದ್ದಿನ ತಲೆ ಫ್ರಾನ್ಸಿನಲ್ಲಿ 1838ರಿಂದ 18 ಕ್ಯಾರೆಟ್ ಚಿನ್ನಕ್ಕೆ ಒತ್ತುವ ಸರ್ಕಾರಿ ಮುದ್ರೆ. ಹೊರದೇಶದಿಂದ ಬಂದ ಚಿನ್ನಕ್ಕೆ 1893ರಿಂದ ಗೂಬೆಯ ಮುದ್ರೆ. ಹಕ್ಕಿ ಬದಲಾದರೆ ದೇಶವೇ ಬದಲಾಗುತ್ತದೆ! ‘ಗರುಡ ಲಾಂಛನ’ ಅಂದರೆ ಓದುವವರು ರಾಜಮನೆತನದ ಗುರುತು ಅಂದುಕೊಳ್ಳುತ್ತಾರೆ.

‘ವಜ್ರದೊಳಗೆ ಎರಡು ಅಕ್ಷರ’ ಓದಿ ನಕ್ಕುಬಿಟ್ಟೆ, ಕ್ಷಮಿಸಿ. ಹರಳಿನೊಳಗೆ ಯಾರೂ ಹೆಸರು ಕೆತ್ತಿಲ್ಲ. ಫ್ರಾನ್ಸಿನ ಕೆಲಸಗಾರರ ಮುದ್ರೆಯ ಚೌಕಟ್ಟು ಇಸ್ಪೀಟಿನ ಡೈಮನ್ ಆಕಾರದ್ದು. ಮಾಡಿದವರು ಯಾರು ಅನ್ನುವುದು ಅದರೊಳಗಿನ ಅಕ್ಷರದಿಂದಲೇ ಗೊತ್ತಾಗಬೇಕು. ಅದು ಸವೆದಿದ್ದರೆ ‘ತಯಾರಕರು’ ಅಂತ ಬರೆಯುವ ಹಾಗೇ ಇಲ್ಲ. ಮುದ್ರೆಯಿಂದ ತಿಳಿಯುವುದು ದೇಶ ಮಾತ್ರ. ಡಬ್ಬಿಯ ಮುಚ್ಚಳದೊಳಗೆ ಹೆಸರಿದ್ದರೂ ಅದು ಮಾರಿದ ಅಂಗಡಿಯದಿರಬಹುದು. ರಷ್ಯಾದ ಹೆಸರಾಂತ ಒಡವೆ ಸಂಸ್ಥೆ ಫಾಬೆರ್ಜೆಯ ಒಡವೆಗಳ ಮೇಲೂ ಎಷ್ಟೋ ಕಡೆ ಸಿಗುವುದು ಕಾರ್ಖಾನೆಯ ಮುಖ್ಯ ಕೆಲಸಗಾರನ ಹೆಸರಿನ ಅಕ್ಷರಗಳು.

ಇನ್ನು ‘ರಷ್ಯನ್’. ಮೂಲದಲ್ಲಿ ಕೊಕೊಶ್ನಿಕ್ ಅಂತ ಇರಬೇಕು, ಅಲ್ವಾ? ರಷ್ಯಾದ ಹೆಂಗಸರು ಹಿಂದೆ ತೊಡುತ್ತಿದ್ದ, ಮುಂದಲೆಯ ಮೇಲೆ ಎತ್ತರಕ್ಕೆ ನಿಲ್ಲುವ ತಲೆಯುಡುಪು ಅದು. ಟಿಯಾರಾ ವಿಷಯದಲ್ಲಿ ಅದು ಆಕಾರದ ಹೆಸರು, ಊರಿನ ಹೆಸರಲ್ಲ. ಬ್ರಿಟನ್ನಿನ ಯುವರಾಣಿ ಅಲೆಕ್ಸಾಂಡ್ರಾಗೆ 1888ರಲ್ಲಿ ಕೊಕೊಶ್ನಿಕ್ ಟಿಯಾರಾ ಮಾಡಿಕೊಟ್ಟವರು ಲಂಡನ್ನಿನ ಗ್ಯಾರಾರ್ಡ್. ಅದೇ ರಷ್ಯಾದ ಬೋಲಿನ್‌ನವರು 1874ರಲ್ಲಿ ಮಾಡಿದ ವ್ಲಾದಿಮಿರ್ ಟಿಯಾರಾ ನೋಡಿ: ಬಳೆಗೆ ಬಳೆ ಕೋದ ಹಾಗೆ 15 ಸುತ್ತು, ನಡುವೆ ತೂಗುವ ಮುತ್ತು. ಮಾಡಿದ್ದು ರಷ್ಯಾದವರು, ಆಕಾರ ಮಾತ್ರ ಕೊಕೊಶ್ನಿಕ್ ಅಲ್ಲ.

ಹಿಂಬದಿಯ ಚಿತ್ರ ಇದ್ದರೆ ಅದನ್ನೂ ನೋಡಿ. ಹರಳು ಬೆಳ್ಳಿಯಲ್ಲಿ ಕೂತು ಹಿಂದೆ ಚಿನ್ನ ಇದ್ದರೆ 19ನೇ ಶತಮಾನದ ಪದ್ಧತಿ. ಪ್ಲಾಟಿನಮ್ ಜಾಸ್ತಿಯಾದದ್ದು 1900ರ ಆಸುಪಾಸಿನಲ್ಲಿ.

* * *

‘ಕೊಕೊಶ್’ ಅಂದರೆ ಹಳೇ ರಷ್ಯನ್‌ನಲ್ಲಿ ಹೇಂಟೆ. ಹಾಗಾದರೆ ‘ಕೋಳಿಜುಟ್ಟಿನ ಬಗೆಯ ಹಣೆದೊಡವು’ ಅಂತ ಬರೆಯಲು ಏನು ಕಷ್ಟ?

* * *

ರಾಣಿಯ ತಲೆ ಮೇಲೆ ಕೋಳಿ ಕೂರಿಸಬೇಡಿ ಮಾರಾಯ್ರೇ. ಮತ್ತೆ, ಪಂಪನ ಕಾಲದಿಂದ ಮನೆಯಲ್ಲೇ ಇರುವ ‘ಪಟ್ಟ’ವನ್ನು ಹಿಡಿದು ಈಗ ಬಾಡಿಗೆ ಕೇಳುತ್ತೀರಲ್ಲ! ಪಟ್ಟಿ, ಪಟ್ಟೆ ಎಲ್ಲವನ್ನೂ ಹೊರಗೆ ಹಾಕುತ್ತೀರಾ?

* * *

ಹಾಕಿದರೆ ತಪ್ಪೇನು? ಎರವಲು ತಂದಿದ್ದನ್ನು ಎರವಲು ಅನ್ನಬೇಕು. ನಿಮ್ಮಂಥವರು ನಾಳೆ ‘ಮೇಕರ್’ ಕೂಡ ಕನ್ನಡವೇ ಅನ್ನುತ್ತೀರಿ.

* * *

ಎಲ್ಲರಿಗೂ ಥ್ಯಾಂಕ್ಸ್. ಮೂಲದಲ್ಲಿ ಕೊಕೊಶ್ನಿಕ್ ಅಂತಲೇ ಇತ್ತು, ಅರ್ಥ ಆಗಲಿ ಅಂತ ನಾನೇ ‘ರಷ್ಯನ್’ ಮಾಡಿದ್ದೆ. ಈಗ ಕಳಿಸಿದ್ದು:

“ಕೊಕೊಶ್ನಿಕ್ ಶೈಲಿಯ ಟಿಯಾರಾ. ಫ್ರಾನ್ಸಿನಲ್ಲಿ ಮಾಡಿದ್ದು, ಮಾಡಿದವರು ತಿಳಿದಿಲ್ಲ. ಕೊಂಡಿಯ ಮೇಲೆ 18 ಕ್ಯಾರೆಟ್ ಚಿನ್ನದ ಹದ್ದಿನ ತಲೆಯ ಮುದ್ರೆ. ಪಕ್ಕದಲ್ಲಿ ಡೈಮನ್ ಆಕಾರದ ಚೌಕಟ್ಟು, ಒಳಗಿನ ಅಕ್ಷರ ಸವೆದಿವೆ.”

‘ಪಟ್ಟ’ ಲೇಖನದ ಒಳಗೆ ಒಂದು ಸಲ ಬರುತ್ತದೆ. ‘ಹಣೆದೊಡವು’ ಹಾಕಲು ಜಾಗ ಸಾಲಲಿಲ್ಲ.

* * *

ಜಾಗ ಸಾಲಲಿಲ್ಲವಂತೆ. ‘ಟಿಯಾರಾ’ಗಿಂತ ಎರಡಕ್ಷರ ಜಾಸ್ತಿ, ಅಷ್ಟೇ.