ಕಾರ್ನ್‌ವಾಲ್: ತವರ, ತಾಮ್ರ ಎರಡೂ ಇದ್ದ ಕರಾವಳಿ ಕೌಂಟಿ ಬಡವಾದದ್ದೇಕೆ?

ಪ್ರಶ್ನೆ (ಚಾಂಪಿಯನ್ ರೀಫ್ ಓದುಗ):
ಕೋಲಾರದ ಚಿನ್ನದ ಗಣಿಯಲ್ಲಿ ಮೇಲಿನ ಹುದ್ದೆಗಳಲ್ಲಿದ್ದ ಇಂಗ್ಲಿಷರಲ್ಲಿ ಹಲವರು ಕಾರ್ನ್‌ವಾಲ್‌ನವರೆಂದು ನಮ್ಮ ತಾತ ಹೇಳುತ್ತಿದ್ದರು. ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿರುವ, ಸಮುದ್ರವೂ ಅದಿರೂ ಇದ್ದ ಆ ಸೀಮೆಯ ಜನ ಊರು ಬಿಟ್ಟು ಇಷ್ಟು ದೂರ ಬರಬೇಕಾದದ್ದೇಕೆ? ಅದು ಇಂದಿಗೂ ಆ ದೇಶದ ಬಡ ಪ್ರದೇಶಗಳಲ್ಲಿ ಒಂದೆನ್ನುತ್ತಾರೆ. ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1 (ಅರ್ಥಶಾಸ್ತ್ರ ವಿದ್ಯಾರ್ಥಿ):
ಮೂಲ ಕಾರಣವನ್ನು ಕಲ್ಲಿದ್ದಲಿನಲ್ಲಿ ಹುಡುಕಬೇಕೆಂಬುದು ನನ್ನ ಅಭಿಪ್ರಾಯ. ಕಾರ್ನ್‌ವಾಲ್‌ನಲ್ಲಿ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ತಾಮ್ರದ ಅದಿರನ್ನು ಕರಗಿಸಲು ಅದರ ತೂಕಕ್ಕಿಂತ ಹೆಚ್ಚು ಕಲ್ಲಿದ್ದಲು ಬೇಕಾಗುತ್ತಿದ್ದುದರಿಂದ ಅದಿರನ್ನೇ ಹಡಗಿಗೆ ತುಂಬಿ ವೇಲ್ಸ್‌ನ ಸ್ವಾನ್ಸಿಗೆ ಒಯ್ಯುವುದು ಅಗ್ಗವಾಗಿತ್ತು; ಅದೇ ಹಡಗುಗಳು ಮರಳುವಾಗ, ಗಣಿಯ ನೀರೆತ್ತುವ ಉಗಿಯಂತ್ರಗಳಿಗೆಂದು ಕಲ್ಲಿದ್ದಲು ಹೇರಿಕೊಂಡು ಬರುತ್ತಿದ್ದವು. ಹೀಗಾಗಿ 19ನೆಯ ಶತಮಾನದ ಮೊದಲರ್ಧದಲ್ಲಿ ಜಗತ್ತಿನ ತಾಮ್ರದ ಅದಿರಿನ ದೊಡ್ಡ ಪಾಲು ಕಾರ್ನ್‌ವಾಲ್‌ನಿಂದಲೇ ಹೊರಟರೂ ಕುಲುಮೆಗಳ ಲಾಭ ಸ್ವಾನ್ಸಿಯ ಪಾಲಾಯಿತು.

ದುಬಾರಿ ಕಲ್ಲಿದ್ದಲಿನಿಂದ ಒಂದು ಒಳಿತೂ ಆಯಿತು. ಜೇಮ್ಸ್ ವಾಟ್‌ನ ಉಗಿಯಂತ್ರದ ಪೇಟೆಂಟ್ 1800ರಲ್ಲಿ ಮುಗಿದ ಮೇಲೆ ರಿಚರ್ಡ್ ಟ್ರೆವಿಥಿಕ್‌ನಂತಹ ಸ್ಥಳೀಯ ಎಂಜಿನಿಯರುಗಳು ಹೆಚ್ಚಿನ ಒತ್ತಡದ ಉಗಿಯಂತ್ರಗಳನ್ನು ರೂಪಿಸಿ, ಕಡಿಮೆ ಇಂಧನದಲ್ಲಿ ಹೆಚ್ಚು ಆಳದ ನೀರೆತ್ತುವ ವಿದ್ಯೆಯನ್ನು ಕೈವಶ ಮಾಡಿಕೊಂಡರು. 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದು, ಬಳಿಕ ಮಲಯ ಮತ್ತು ಆಸ್ಟ್ರೇಲಿಯಾಗಳ ಅಗ್ಗದ ತವರವೂ ಮಾರುಕಟ್ಟೆಗೆ ನುಗ್ಗಿದಾಗ ಗಣಿಗಾರರಿಗೆ ಉಳಿದ ಬಂಡವಾಳವೆಂದರೆ ಆ ವಿದ್ಯೆಯೊಂದೇ. ಅದನ್ನು ನಂಬಿಯೇ ಅವರು ದಕ್ಷಿಣ ಆಸ್ಟ್ರೇಲಿಯಾ, ಮೆಕ್ಸಿಕೊ, ದಕ್ಷಿಣ ಆಫ್ರಿಕಾಗಳಿಗೆ ಹೋದರು.

ಉತ್ತರ 2 (ಗಣಿ ನಿವೃತ್ತ):
ಕೋಲಾರದ ಕೊಂಡಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ. ಕಾರ್ನ್‌ವಾಲ್‌ನ ಗಣಿಗಳನ್ನು ನಡೆಸಿ ಪಳಗಿದ್ದ ಆ ಮನೆತನ 1880ರಲ್ಲಿ ಇಲ್ಲಿಗೆ ಕಾಲಿಟ್ಟಿತು; ಮೇಲ್ವಿಚಾರಣೆಗೆ ತನಗೆ ಪರಿಚಿತರಾದವರನ್ನೇ ಕರೆಸಿಕೊಂಡದ್ದು ಸಹಜ. ವಲಸೆ ಹೋದವರು ಕಳುಹಿಸುತ್ತಿದ್ದ ಹಣದಿಂದಲೇ ಕ್ಯಾಂಬೋರ್ನ್, ರೆಡ್ರೂತ್ ಪಟ್ಟಣಗಳ ಅನೇಕ ಮನೆಗಳಲ್ಲಿ ಒಲೆ ಉರಿಯುತ್ತಿತ್ತು.

ಉತ್ತರ 3 (ಮಲ್ಪೆ ವಾಸಿ):
ಗಣಿಯ ಮಾತಿನಲ್ಲಿ ಕಡಲು ಮರೆತೇಹೋಯಿತು. ನಮ್ಮ ಬೂತಾಯಿಯ ಬಳಗಕ್ಕೆ ಸೇರಿದ ಪಿಲ್ಚರ್ಡ್ ಮೀನನ್ನು ಕಾರ್ನ್‌ವಾಲ್‌ನವರು ಉಪ್ಪು ಹಾಕಿ, ಒತ್ತಿ ಎಣ್ಣೆ ತೆಗೆದು, ಪೀಪಾಯಿಗಳಲ್ಲಿ ತುಂಬಿ ಇಟಲಿಗೆ ಕಳುಹಿಸುತ್ತಿದ್ದರು. ಸೇಂಟ್ ಆಸ್ಟೆಲ್ ಸುತ್ತಲಿನ ಬಿಳಿ ಪಿಂಗಾಣಿ ಮಣ್ಣು ಗಣಿಗಳ ನಂತರವೂ ಕೌಂಟಿಯನ್ನು ಸಾಕಿತು. 1859ರಲ್ಲಿ ಎಂಜಿನಿಯರ್ ಬ್ರೂನೆಲ್‌ನ ರೈಲು ಸೇತುವೆ ಕೌಂಟಿಯ ಗಡಿಯಾದ ಟೇಮರ್ ನದಿಯನ್ನು ದಾಟಿದ ಬಳಿಕ ಮೀನು, ತರಕಾರಿ, ಹೂವುಗಳು ರೈಲಿನಲ್ಲಿ ಲಂಡನ್ ಸೇರತೊಡಗಿದವು. ಮರಳುವ ರೈಲಿನಲ್ಲಿ ಪ್ರವಾಸಿಗರು ಬಂದರು.

ಆದರೆ ಪ್ರವಾಸೋದ್ಯಮ ಬೇಸಿಗೆಯ ದುಡಿಮೆ, ಕೂಲಿಯೂ ಕಡಿಮೆ. ಹೊರಗಿನವರು ರಜೆಯ ಮನೆಗಳನ್ನು ಕೊಳ್ಳುವುದರಿಂದ ಮೀನುಗಾರರ ಮಕ್ಕಳಿಗೆ ತಮ್ಮ ಊರಿನಲ್ಲೇ ಮನೆ ಕೈಗೆಟಕುತ್ತಿಲ್ಲ. ತಲಾ ಉತ್ಪನ್ನ ಐರೋಪ್ಯ ಒಕ್ಕೂಟದ ಸರಾಸರಿಯ ಶೇ. 75ನ್ನು ಮುಟ್ಟದ ಪ್ರದೇಶಗಳಿಗೆಂದು ಮೀಸಲಾಗಿದ್ದ ನೆರವು 2000ದಿಂದ ಕಾರ್ನ್‌ವಾಲ್‌ಗೂ ಸಿಕ್ಕಿತು. 1998ರಲ್ಲಿ ಮುಚ್ಚಿದ ಸೌತ್ ಕ್ರಾಫ್ಟಿ ತವರದ ಗಣಿಯನ್ನು ಮತ್ತೆ ತೆರೆಯಲು ಈಚೆಗೆ ನೀರೆತ್ತಲು ತೊಡಗಿದ್ದಾರೆ, ಲಿಥಿಯಂ ಶೋಧವೂ ನಡೆದಿದೆ. ಈ ಬಾರಿಯಾದರೂ ಸಂಸ್ಕರಣೆ ಕೌಂಟಿಯೊಳಗೇ ನಡೆಯುವುದೇ ಎಂಬುದನ್ನು ಅರ್ಥಶಾಸ್ತ್ರ ಬಲ್ಲವರೇ ಹೇಳಬೇಕು.